ಸುಂಟರಗಾಳಿಯ ವಿಜ್ಞಾನಿ ಟೆಟ್ಸುಯಾ ಫುಜಿತಾ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಸರ್ ಸಿ.ವಿ. ರಾಮನ್, ಸರ್ ಎಂ. ವಿಶ್ವೇಶ್ವರಯ್ಯ ಮೊದಲಾದ ಮಹನೀಯರ ಹೆಸರುಗಳೇ ಮೊದಲು ನೆನಪಾದವು. ಆದರೆ ಅವರ ಬಗ್ಗೆ ನಮ್ಮ ಮಕ್ಕಳು ಪಠ್ಯಪುಸ್ತಕಗಳಲ್ಲೇ ಓದಿರುತ್ತಾರೆ. ಆದ್ದರಿಂದ ನಮ್ಮ ಕಡೆ ಹೆಚ್ಚು ಪರಿಚಯವಿಲ್ಲದ, ಅಮೆರಿಕದಲ್ಲಿ ಮಾತ್ರ ಗಾಳಿ ಎದ್ದಾಗಲೆಲ್ಲ ಜನರ ಬಾಯಲ್ಲಿ ಬರುವ ಒಂದು ಹೆಸರನ್ನು ನಾನು ಆರಿಸಿಕೊಂಡಿದ್ದೇನೆ. ಅದು ಟೆಟ್ಸುಯಾ ಫುಜಿತಾ. ಈ ಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾಗಿ, ನೋಡಿ ಕಲಿಯುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಸುಂಟರಗಾಳಿಯ ಬಗ್ಗೆ ನಾಲ್ಕು ಮಾತು. ಬೇಸಿಗೆಯ ಮಧ್ಯಾಹ್ನ ನಮ್ಮ ಬಯಲಿನಲ್ಲಿ ಧೂಳು, ತರಗೆಲೆಗಳನ್ನು ಎತ್ತಿಕೊಂಡು ಗಿರ್ರನೆ ತಿರುಗಿ ಹೋಗುವ ಗಾಳಿಯನ್ನು ನಾವೆಲ್ಲ ನೋಡಿದ್ದೇವೆ. ಅದು ಕಾದ ನೆಲದಿಂದ ಮೇಲೇಳುವ ಗಾಳಿ. ಸ್ವಲ್ಪ ಹೊತ್ತಿನಲ್ಲಿ ತಣ್ಣಗಾಗುತ್ತದೆ. ಅಮೆರಿಕದವರು ಟೊರ್ನಾಡೊ ಎಂದು ಕರೆಯುವುದು ಬೇರೆ. ಅದು ದೊಡ್ಡ ಗುಡುಗುಮೋಡದ ಹೊಟ್ಟೆಯಿಂದ ನೆಲಕ್ಕೆ ಇಳಿಯುವ ಸೊಂಡಿಲು. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬರುವ ಬೆಚ್ಚನೆಯ ತೇವದ ಗಾಳಿಯ ಮೇಲೆ ರಾಕಿ ಪರ್ವತಗಳ ಕಡೆಯ ಒಣಗಾಳಿ ಹಾಯುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವುದರಿಂದ ಮೇಲೇರುವ ಗಾಳಿ ತಿರುಗಲು ತೊಡಗುತ್ತದೆ. ಅಂಥ ತಿರುಗುವ ಮೋಡಗಳಲ್ಲಿ ಕೆಲವು ಮಾತ್ರ ಸುಂಟರಗಾಳಿಯನ್ನು ಹುಟ್ಟಿಸುತ್ತವೆ. ಎಲ್ಲ ಮೋಡಗಳೂ ಏಕೆ ಹುಟ್ಟಿಸುವುದಿಲ್ಲ ಎಂಬುದು ಇಂದಿಗೂ ಪೂರ್ತಿ ಬಿಡಿಸಲಾಗದ ಒಗಟು.

ಅಮೆರಿಕದ ಇತಿಹಾಸದಲ್ಲಿ ಇದರಿಂದಾದ ಸಾವುಗಳ ಲೆಕ್ಕ ದೊಡ್ಡದು. 1840ರಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ನ್ಯಾಚೆಜ್ ಪಟ್ಟಣದಲ್ಲಿ 317 ಮಂದಿ ಸತ್ತರೆಂದು ದಾಖಲಾಗಿದೆ. ಅವರಲ್ಲಿ ಬಹುಪಾಲು ಜನ ನದಿಯ ದೋಣಿಗಳಲ್ಲಿದ್ದವರು. 1896ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ 255 ಮಂದಿ. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ಎಂಬ ಮೂರು ರಾಜ್ಯಗಳನ್ನು ಹಾದುಹೋದ ಗಾಳಿ ಸುಮಾರು 350 ಕಿಲೋಮೀಟರ್ ದೂರವನ್ನು ಮೂರೂವರೆ ಗಂಟೆಯಲ್ಲಿ ಕ್ರಮಿಸಿ 695 ಮಂದಿಯನ್ನು ಬಲಿ ತೆಗೆದುಕೊಂಡಿತು. ಡಿಸೋಟೊ ಎಂಬ ಸಣ್ಣ ಊರಿನ ಶಾಲೆಯೊಂದರಲ್ಲೇ 33 ಮಂದಿ ಸತ್ತರು. ಅದು ಮಧ್ಯಾಹ್ನ, ಶಾಲೆ ನಡೆಯುತ್ತಿದ್ದ ಹೊತ್ತು. ಮುನ್ನೆಚ್ಚರಿಕೆ ಎಂಬುದೇ ಇರಲಿಲ್ಲ. ಜನ ಸುಮ್ಮನೆ ಗಾಬರಿಗೊಳ್ಳುತ್ತಾರೆಂಬ ಕಾರಣಕ್ಕೆ ಹವಾಮಾನ ಮುನ್ಸೂಚನೆಗಳಲ್ಲಿ ಟೊರ್ನಾಡೊ ಎಂಬ ಪದವನ್ನೇ ಬಳಸಬಾರದೆಂಬ ನಿಯಮ 1880ರ ದಶಕದಿಂದ 1938ರವರೆಗೆ ಇತ್ತು! ಪದವನ್ನು ಮುಚ್ಚಿಟ್ಟರೆ ಗಾಳಿ ನಿಲ್ಲುತ್ತದೆಯೇ?

ಈ ಗಾಳಿಯನ್ನು ಅರಿಯಲು ಒಬ್ಬ ಜಪಾನೀಯ ಬರಬೇಕಾಯಿತು. ಫುಜಿತಾ ಹುಟ್ಟಿದ್ದು 1920ರ ಅಕ್ಟೋಬರ್ 23ರಂದು, ಕ್ಯೂಷು ದ್ವೀಪದ ಸೋನೆ ಎಂಬ ಹಳ್ಳಿಯಲ್ಲಿ. ಈಗ ಅದು ಕಿಟಾಕ್ಯೂಷು ನಗರದಲ್ಲಿ ಸೇರಿಹೋಗಿದೆ. ತಂದೆ ಶಾಲಾ ಉಪಾಧ್ಯಾಯರು. ಮಗ ಮುಂದಿನ ಓದಿಗೆ ಹಿರೋಷಿಮಾಗೆ ಹೋಗಬಯಸಿದಾಗ, ಮನೆಯ ಹತ್ತಿರದ ಮೇಜಿ ತಾಂತ್ರಿಕ ಕಾಲೇಜಿಗೇ ಸೇರಬೇಕೆಂದು ತಂದೆ ಹಟ ಹಿಡಿದರು. ಸ್ವಲ್ಪ ಕಾಲದಲ್ಲೇ ಅವರು ತೀರಿಕೊಂಡರು. ತಂದೆಯ ಮಾತು ಉಳಿಯಿತು, ಅದರಿಂದ ಮಗನೂ ಉಳಿದ. ಫುಜಿತಾ ಯಂತ್ರಶಾಸ್ತ್ರದಲ್ಲಿ ಪದವಿ ಪಡೆದು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬು ಹೊತ್ತ ವಿಮಾನದ ಮೊದಲ ಗುರಿ ಕೊಕುರಾ ನಗರವಾಗಿತ್ತು. ಫುಜಿತಾ ಆಗ ಅಲ್ಲಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿದ್ದರು. ಮೋಡ, ಹೊಗೆ ಮುಸುಕಿದ್ದರಿಂದ ವಿಮಾನ ಮೂರು ಬಾರಿ ಸುತ್ತಿದರೂ ಗುರಿ ಕಾಣಲಿಲ್ಲ; ಅದು ನಾಗಸಾಕಿಯತ್ತ ತಿರುಗಿತು. ಮೋಡವೇ ಉಳಿಸಿದ ಮನುಷ್ಯ ಮುಂದೆ ಮೋಡಗಳನ್ನೇ ಅಧ್ಯಯನ ಮಾಡಿದ್ದು ವಿಧಿಯ ವಿಚಿತ್ರ.

ಕೆಲವೇ ವಾರಗಳಲ್ಲಿ ಹಾನಿಯ ಅಧ್ಯಯನಕ್ಕೆಂದು ಅವರು ನಾಗಸಾಕಿ, ಹಿರೋಷಿಮಾಗಳಿಗೆ ಹೋದರು. ನಾಗಸಾಕಿಯ ಸ್ಮಶಾನಗಳಲ್ಲಿ ಸಮಾಧಿಗಳ ಮುಂದೆ ಹೂವಿಡುವ ಬಿದಿರಿನ ಕೊಳವೆಗಳಿದ್ದವು. ಬಾಂಬಿನ ಶಾಖ ಒಂದು ಮಗ್ಗುಲಿನಿಂದ ಬಂದು ಅವುಗಳ ಮೇಲೆ ಸುಟ್ಟ ಗುರುತು ಬಿಟ್ಟಿತ್ತು. ಆ ಗುರುತುಗಳ ಕೋನ ಅಳೆದು ಬಾಂಬು ನೆಲದಿಂದ ಎಷ್ಟು ಎತ್ತರದಲ್ಲಿ ಸಿಡಿಯಿತೆಂದು ಅವರು ಲೆಕ್ಕ ಹಾಕಿದರು. ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಸ್ಫೋಟದ ನೇರ ಕೆಳಗಿನ ಮರಗಳು ಸುಟ್ಟು ಕರಿಕಾಗಿದ್ದರೂ ನಿಂತೇ ಇದ್ದವು. ಸುತ್ತಲಿನ ಮರಗಳು ಮಾತ್ರ ಕೇಂದ್ರದಿಂದ ಹೊರಕ್ಕೆ, ಸೂರ್ಯನ ಕಿರಣಗಳ ಹಾಗೆ ಎಲ್ಲ ದಿಕ್ಕಿಗೂ ಮಲಗಿದ್ದವು. ಸಾವಿನ ಆ ಬಯಲಿನಲ್ಲಿ ನೋಡಿದ ಈ ಚಿತ್ರ ಸುಮಾರು ಮೂವತ್ತು ವರ್ಷಗಳ ನಂತರ ಅವರ ಕೆಲಸಕ್ಕೆ ಬಂತು.

1947ರಲ್ಲಿ ಸೆಫುರಿ ಬೆಟ್ಟದ ಹವಾಮಾನ ಕೇಂದ್ರದಲ್ಲಿ ಗುಡುಗುಮಳೆಯೊಂದನ್ನು ಅಳೆದು, ಮೋಡದೊಳಗೆ ಗಾಳಿ ಮೇಲೇರುವುದಷ್ಟೇ ಅಲ್ಲ, ಕೆಳಕ್ಕೂ ಧುಮುಕುತ್ತದೆ ಎಂದು ಫುಜಿತಾ ಕಂಡುಕೊಂಡರು. ಅದೇ ಬೆಟ್ಟದ ಮೇಲಿದ್ದ ಅಮೆರಿಕ ಸೇನೆಯ ರಾಡಾರ್ ಕೇಂದ್ರದ ಕಸದ ಬುಟ್ಟಿಯಲ್ಲಿ ಒಂದು ವರದಿ ಸಿಕ್ಕಿತು. ಅದು ಶಿಕಾಗೋ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್ ಗುಡುಗುಮೋಡಗಳ ಬಗ್ಗೆ ಬರೆದದ್ದು. ವಿಮಾನ, ರಾಡಾರುಗಳನ್ನೆಲ್ಲ ಬಳಸಿದ ದೊಡ್ಡ ಯೋಜನೆಯ ತಂಡ ಅಲ್ಲಿ ಕಂಡದ್ದನ್ನೇ ಈ ಯುವಕ ಕೆಲವು ಉಪಕರಣಗಳಿಂದ ಕಂಡಿದ್ದರು. ಒಂದು ಇಂಗ್ಲಿಷ್ ಟೈಪ್‌ರೈಟರ್ ಕೊಂಡು ತಮ್ಮ ಲೇಖನವನ್ನು ಬೆರಳಚ್ಚು ಮಾಡಿ ಬೈಯರ್ಸ್ ಅವರಿಗೆ ಕಳುಹಿಸಿದರು. ಬೈಯರ್ಸ್ ಅವರದೂ ದೊಡ್ಡ ಮನಸ್ಸು. ಸೋತ ದೇಶದ ಅಪರಿಚಿತ ಅಧ್ಯಾಪಕನ ಕಾಗದವನ್ನು ಬದಿಗಿಡದೆ, ಶಿಕಾಗೋಗೆ ಬರಲು ಆಹ್ವಾನಿಸಿದರು. 1953ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಫುಜಿತಾ ಅದೇ ವರ್ಷ ಅಮೆರಿಕ ಸೇರಿದರು. 1968ರಲ್ಲಿ ಅಲ್ಲಿನ ಪೌರರಾದರು.

1957ರ ಜೂನ್ 20ರಂದು ನಾರ್ತ್ ಡಕೋಟಾದ ಫಾರ್ಗೋ ನಗರಕ್ಕೆ ಸುಂಟರಗಾಳಿ ಬಡಿಯಿತು. ಊರಿನ ಅನೇಕರು ದೂರದಿಂದ ಅದರ ಫೋಟೋ ತೆಗೆದಿದ್ದರು. ಫುಜಿತಾ ಅಲ್ಲಿಗೆ ಹೋಗಿ ನೂರೈವತ್ತರಷ್ಟು ಚಿತ್ರಗಳನ್ನು ಒಟ್ಟುಮಾಡಿದರು. ಪ್ರತಿ ಚಿತ್ರ ಎಲ್ಲಿ ನಿಂತು, ಯಾವ ಹೊತ್ತಿಗೆ ತೆಗೆದದ್ದು ಎಂದು ಗೊತ್ತುಮಾಡಿಕೊಂಡು, ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಆ ಮೋಡದ ಹುಟ್ಟು, ಬೆಳವಣಿಗೆ, ಅಂತ್ಯಗಳನ್ನು ನಿಮಿಷ ನಿಮಿಷಕ್ಕೆ ಬರೆದರು. ಸುಂಟರಗಾಳಿ ಇಳಿಯುವ ಮೊದಲು ಮೋಡದ ಅಡಿಯಲ್ಲಿ ಜೋತುಬೀಳುವ ಭಾಗಕ್ಕೆ ಗೋಡೆ ಮೋಡ ಎಂಬರ್ಥದ ಹೆಸರಿಟ್ಟವರು ಅವರೇ. ಇಂದು ಅಮೆರಿಕದ ಸ್ವಯಂಸೇವಕರು ಆಕಾಶ ನೋಡಿ ಎಚ್ಚರಿಕೆ ಕೊಡುವಾಗ ಮೊದಲು ಹುಡುಕುವುದು ಇದನ್ನೇ.

1965ರ ಏಪ್ರಿಲ್ 11 ಕ್ರೈಸ್ತರ ಗರಿಗಳ ಭಾನುವಾರ. ಅಂದು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಹತ್ತಾರು ಸುಂಟರಗಾಳಿಗಳೆದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಎಚ್ಚರಿಕೆ ಹೊರಟಿತ್ತು, ಆದರೆ ಅದರ ಮಾತು ಜನರಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಇದಾದ ಮೇಲೆ, ಬರಬಹುದು ಎಂಬುದಕ್ಕೆ ಒಂದು ಪದ, ಬಂದೇಬಿಟ್ಟಿದೆ ಎಂಬುದಕ್ಕೆ ಇನ್ನೊಂದು ಪದ ಎಂದು ಹವಾಮಾನ ಇಲಾಖೆ ಸ್ಪಷ್ಟಪಡಿಸಿತು. ಫುಜಿತಾ ಸಣ್ಣ ವಿಮಾನದಲ್ಲಿ ಸುಮಾರು 12,000 ಕಿಲೋಮೀಟರ್ ಹಾರಿ ಹಾನಿಯ ಜಾಡುಗಳ ಚಿತ್ರ ತೆಗೆದರು. ಹೊಲಗಳಲ್ಲಿ ಸುರುಳಿ ಸುರುಳಿಯಾದ ಗೆರೆಗಳು ಕಂಡವು. ಒಂದು ದೊಡ್ಡ ಸುಂಟರಗಾಳಿಯೊಳಗೆ ಹಲವು ಸಣ್ಣ ಸುಳಿಗಳು ಸುತ್ತುತ್ತಿರುತ್ತವೆ ಎಂದು ಅವರು ಹೇಳಿದ್ದು ಇಂಥ ಗುರುತುಗಳಿಂದಲೇ. ಸಾಲುಮನೆಗಳಲ್ಲಿ ಒಂದು ಪುಡಿಯಾಗಿ ಪಕ್ಕದ್ದು ಉಳಿಯುವುದೇಕೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿತು.

ಅವರ ಹೆಸರು ಶಾಶ್ವತವಾದದ್ದು 1971ರಲ್ಲಿ ಪ್ರಕಟಿಸಿದ ಅಳತೆಗೋಲಿನಿಂದ. ಸುಂಟರಗಾಳಿಯ ನಡುವೆ ಮಾಪಕ ಇಟ್ಟರೆ ಅದೇ ಹಾರಿಹೋಗುತ್ತದೆ. ಹಾಗಾದರೆ ವೇಗ ತಿಳಿಯುವುದು ಹೇಗೆ? ಬಿಟ್ಟುಹೋದ ಹಾನಿಯಿಂದ ತಿಳಿಯಬೇಕು. ಹೆಂಚು ಹಾರಿದರೆ ಇಷ್ಟು, ಚಾವಣಿ ಕಿತ್ತರೆ ಇಷ್ಟು, ಗಟ್ಟಿ ಮನೆ ಬುನಾದಿಯಿಂದಲೇ ಗುಡಿಸಿಹೋದರೆ ಇಷ್ಟು ಎಂದು ಎಫ್-0ರಿಂದ ಎಫ್-5ರವರೆಗೆ ಆರು ದರ್ಜೆಗಳನ್ನು ಮಾಡಿದರು. ಎಫ್-5 ಎಂದರೆ ಗಂಟೆಗೆ 420 ಕಿಲೋಮೀಟರಿಗೂ ಮಿಕ್ಕ ವೇಗ. ಆ ವೇಗಗಳು ಅಂದಾಜುಗಳು. ದುರ್ಬಲ ಮನೆ ಕಡಿಮೆ ಗಾಳಿಗೂ ಕುಸಿಯುತ್ತದೆ ಎಂದು ಮುಂದೆ ಎಂಜಿನಿಯರುಗಳು ತೋರಿಸಿಕೊಟ್ಟರು. 2007ರಲ್ಲಿ ಅಳತೆಗೋಲನ್ನು ತಿದ್ದಲಾಯಿತು, ಆದರೆ ಫುಜಿತಾ ಹೆಸರನ್ನು ತೆಗೆಯಲಿಲ್ಲ.

1974ರ ಏಪ್ರಿಲ್ 3 ಮತ್ತು 4ರಂದು ಒಂದೇ ದಿನದಷ್ಟು ಅವಧಿಯಲ್ಲಿ 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳೆದ್ದವು. ಓಹಿಯೋದ ಝೀನಿಯಾ ಪಟ್ಟಣದ ದೊಡ್ಡ ಭಾಗ ನೆಲಸಮವಾಯಿತು. ಒಟ್ಟು 300ಕ್ಕೂ ಹೆಚ್ಚು ಮಂದಿ ಸತ್ತರು. ಫುಜಿತಾ ಮತ್ತು ಅವರ ಸಂಗಡಿಗರು ಮತ್ತೆ ವಿಮಾನ ಹತ್ತಿ ಒಂದೊಂದು ಜಾಡನ್ನೂ ಗುರುತಿಸಿ ನಕ್ಷೆ ಬರೆದರು. ಹೀಗೆ ಹಾರುವಾಗ ವೆಸ್ಟ್ ವರ್ಜೀನಿಯಾದ ಕಾಡಿನಲ್ಲಿ ಮರಗಳು ಸುಳಿಯಾಕಾರದಲ್ಲಿ ಬೀಳದೆ, ಒಂದು ಬಿಂದುವಿನಿಂದ ಹೊರಕ್ಕೆ ನಕ್ಷತ್ರದಂತೆ ಬಿದ್ದಿದ್ದವು. ನಾಗಸಾಕಿಯ ಮರಗಳು ನೆನಪಾದವು. ಇದು ತಿರುಗುವ ಗಾಳಿಯಲ್ಲ, ಮೋಡದಿಂದ ನೆಲಕ್ಕೆ ಅಪ್ಪಳಿಸಿ ಸುತ್ತ ಚಿಮ್ಮುವ ಗಾಳಿ ಎಂದು ಅವರಿಗೆ ಹೊಳೆಯಿತು.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನ ಇಳಿಯುವಾಗ ಗುಡುಗುಮಳೆಯಲ್ಲಿ ಬಿದ್ದು 113 ಮಂದಿ ಸತ್ತರು. ಮುಂದೆ ಹೋದ ಕೆಲವು ವಿಮಾನಗಳು ಸುರಕ್ಷಿತವಾಗಿ ಇಳಿದಿದ್ದವು. ಫುಜಿತಾ ದಾಖಲೆಗಳನ್ನು ಪರಿಶೀಲಿಸಿ, ಕೆಳಕ್ಕೆ ಧುಮುಕುವ ಸಣ್ಣ ಗಾಳಿಯೇ ಕಾರಣ ಎಂದರು. ನಾಲ್ಕು ಕಿಲೋಮೀಟರಿಗಿಂತ ಕಿರಿದಾದ ಇಂಥ ಗಾಳಿಗೆ ಮೈಕ್ರೋಬರ್ಸ್ಟ್ ಎಂದು ಹೆಸರಿಟ್ಟರು. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ವಿಮಾನ ಮೇಲೇಳುತ್ತದೆ. ಮರುಕ್ಷಣ ಮೇಲಿನಿಂದ ಒತ್ತುವ ಗಾಳಿ, ಆಮೇಲೆ ಹಿಂದಿನಿಂದ ಬೀಸುವ ಗಾಳಿ. ರೆಕ್ಕೆಗೆ ಆಧಾರ ತಪ್ಪುತ್ತದೆ. ನೆಲ ಹತ್ತಿರವಿದ್ದರೆ ಪೈಲಟ್‌ಗೆ ಸಮಯವಿಲ್ಲ.

ಅನೇಕ ಹವಾಮಾನ ತಜ್ಞರು ಇದನ್ನು ಒಪ್ಪಲಿಲ್ಲ. ಇಳಿಯುವ ಗಾಳಿ ನೆಲ ಮುಟ್ಟುವ ಮೊದಲೇ ದುರ್ಬಲವಾಗುತ್ತದೆ, ಗೊತ್ತಿದ್ದ ಸಂಗತಿಗೇ ಫುಜಿತಾ ಹೊಸ ಹೆಸರಿಟ್ಟಿದ್ದಾರೆ ಎಂಬುದು ಅವರ ವಾದ. ಫುಜಿತಾ ವಾದಕ್ಕಿಂತ ಅಳತೆಯನ್ನು ನಂಬಿದರು. 1978ರಲ್ಲಿ ಶಿಕಾಗೋ ಬಳಿ ಡಾಪ್ಲರ್ ರಾಡಾರುಗಳನ್ನಿಟ್ಟು ಮೈಕ್ರೋಬರ್ಸ್ಟ್‌ಗಳನ್ನು ಹಿಡಿದು ತೋರಿಸಿದರು. 1982ರಲ್ಲಿ ಡೆನ್ವರ್ ಬಳಿ ನೂರಕ್ಕೂ ಹೆಚ್ಚು ಸಿಕ್ಕವು. 1985ರಲ್ಲಿ ಡಲ್ಲಾಸ್‌ನಲ್ಲಿ ಡೆಲ್ಟಾ ಸಂಸ್ಥೆಯ ವಿಮಾನ ಬಿದ್ದು 137 ಮಂದಿ ಸತ್ತ ಮೇಲಂತೂ ಯಾರೂ ಸುಮ್ಮನಿರುವಂತಿರಲಿಲ್ಲ. ಪೈಲಟ್‌ಗಳಿಗೆ ಹೊಸ ತರಬೇತಿ ಬಂತು, ವಿಮಾನ ನಿಲ್ದಾಣಗಳ ಬಳಿ ವಿಶೇಷ ರಾಡಾರುಗಳು ಬಂದವು. ಅಮೆರಿಕದಲ್ಲಿ 1994ರ ಷಾರ್ಲೆಟ್ ದುರಂತದ ನಂತರ ದೊಡ್ಡ ಪ್ರಯಾಣಿಕ ಜೆಟ್ ಯಾವುದೂ ಈ ಕಾರಣದಿಂದ ಬಿದ್ದು ಜನ ಸತ್ತಿಲ್ಲ. ಪ್ರತಿದಿನ ಸುರಕ್ಷಿತವಾಗಿ ಇಳಿಯುವ ಲಕ್ಷಾಂತರ ಪ್ರಯಾಣಿಕರಿಗೆ ಈ ಹೆಸರು ಗೊತ್ತಿಲ್ಲದಿರಬಹುದು. ಅವರೆಲ್ಲರೂ ಇವರಿಗೆ ಋಣಿಗಳೇ.

ಮಿಸ್ಟರ್ ಟೊರ್ನಾಡೊ ಎಂದೇ ಹೆಸರಾಗಿದ್ದ ಈ ಮನುಷ್ಯ ತಮ್ಮ ಕಣ್ಣಿನಿಂದ ಮೊದಲ ಸುಂಟರಗಾಳಿ ನೋಡಿದ್ದು 1982ರ ಜೂನ್ 12ರಂದು, ತಮ್ಮ 61ನೆಯ ವಯಸ್ಸಿನಲ್ಲಿ! ಅಲ್ಲಿಯವರೆಗೆ ಅವರು ಓದಿದ್ದೆಲ್ಲ ಅದು ಬಿಟ್ಟುಹೋದ ಗುರುತುಗಳನ್ನು. 1998ರ ನವೆಂಬರ್ 19ರಂದು ಅವರು ಶಿಕಾಗೋದಲ್ಲಿ ನಿಧನರಾದರು.

ಸುಂಟರಗಾಳಿ ನಿಂತಿಲ್ಲ. 2011ರ ಮೇ 22ರಂದು ಮಿಸೌರಿಯ ಜೋಪ್ಲಿನ್ ನಗರದಲ್ಲಿ 158 ಮಂದಿ ಸತ್ತರು. ರಾಡಾರ್ ಇತ್ತು, ಸೈರನ್ ಮೊಳಗಿತ್ತು, ಆದರೂ ಎಷ್ಟೋ ಜನ ಮೊದಲ ಸೈರನ್ನಿಗೆ ಆಸರೆ ಹುಡುಕಲಿಲ್ಲ. ಆದ್ದರಿಂದ ವಿಜ್ಞಾನಿಯ ಕೆಲಸ ಅರ್ಧ; ಕೇಳಿಸಿಕೊಂಡು ನಡೆಯುವುದು ನಮ್ಮ ಪಾಲಿನ ಇನ್ನರ್ಧ. ನಮ್ಮಲ್ಲಿ ಸಿಡಿಲಿನ ಎಚ್ಚರಿಕೆ ಬಂದಾಗ ಮರದಡಿ ನಿಲ್ಲುವವರಿಗೂ ಈ ಮಾತು ಅನ್ವಯಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಫುಜಿತಾ ಬಳಿ ಮೊದಲಿಗೆ ಇದ್ದದ್ದು ಕಣ್ಣು, ಪೆನ್ಸಿಲ್, ಕಾಗದ ಮತ್ತು ತಾಳ್ಮೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅಷ್ಟಂತೂ ಐವತ್ತು ವರ್ಷಗಳಿಂದ ಇದೆ. ಈ ಸಲ ಮುಂಗಾರಿನ ಮೊದಲ ಗಾಳಿಗೆ ಮರ ಬಿದ್ದರೆ, ದಾರಿ ಬಿಡಿಸುವ ಮೊದಲು ಅದು ಯಾವ ದಿಕ್ಕಿಗೆ ಬಿದ್ದಿದೆ, ಪಕ್ಕದ ಮರ ಏಕೆ ಬೀಳಲಿಲ್ಲ ಎಂದು ನೋಡಿ ಬರೆದಿಡಿ.