ಹಸಿ ಹಾಲಿನ ಜ್ವರ ಪತ್ತೆ ಮಾಡಿದ ಟೀಚರಮ್ಮ

ಪ್ಯಾಕೆಟ್ ಹಾಲಿರಲಿ, ಹಾಲಿನವನು ಅಳೆದು ಕೊಟ್ಟದ್ದಿರಲಿ, ಪಾತ್ರೆ ಒಲೆ ಮೇಲೆ ಏರಿ ಹಾಲು ಒಂದು ಸಲ ಉಕ್ಕಿದ ಮೇಲೇ ನಮ್ಮ ಮನೆಗಳಲ್ಲಿ ಕಾಫಿ. ಈ ರೂಢಿ ನಮ್ಮನ್ನು ಎಂಥ ಕಾಯಿಲೆಯಿಂದ ಕಾದಿದೆ ಅಂತ ತಿಳಿಯಬೇಕಾದರೆ ಅಮೆರಿಕದ ಆಲಿಸ್ ಇವಾನ್ಸ್ ಕತೆ ಕೇಳಬೇಕು. ಆಗ ಆ ದೇಶದಲ್ಲಿ ಬಹಳ ಜನ ಹಸಿ ಹಾಲನ್ನೇ ಲೋಟಕ್ಕೆ ಸುರಿದುಕೊಂಡು ಗಟಗಟ ಕುಡಿಯುತ್ತಿದ್ದರು.

ಈಕೆ ಹುಟ್ಟಿದ್ದು 1881ರಲ್ಲಿ, ಪೆನ್ಸಿಲ್ವೇನಿಯಾದ ನೀತ್ ಅನ್ನೋ ಹಳ್ಳಿಯಲ್ಲಿ. ಬೇಸಾಯದ ಮನೆ. ಕಾಲೇಜಿಗೆ ಕಾಸಿಲ್ಲ. ನಾಲ್ಕು ವರ್ಷ ಶಾಲೆಯಲ್ಲಿ ಟೀಚರಾಗಿ ಮಕ್ಕಳಿಗೆ ಪಾಠ ಹೇಳಿದರು. ಅಷ್ಟರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಹಳ್ಳಿ ಶಿಕ್ಷಕರಿಗೆ ಬಿಟ್ಟಿಯಾಗಿ ಒಂದು ಕೋರ್ಸು ಕೊಡುತ್ತದೆ ಅಂತ ಗೊತ್ತಾಯಿತು. ಹೋದರು, ಸೂಕ್ಷ್ಮಜೀವಿಗಳ ಹುಚ್ಚು ಹಿಡಿಯಿತು. 1909ರಲ್ಲಿ ಪದವಿ, 1910ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮಾಸ್ಟರ್ಸ್. ಡಾಕ್ಟರೇಟ್ ಮಾಡಲಿಲ್ಲ. ಅದೇ ಮುಂದೆ ಎಲ್ಲರ ಬಾಯಿಗೂ ಸಿಕ್ಕ ವಿಷಯ.

ಸರ್ಕಾರದ ಹೈನು ವಿಭಾಗದಲ್ಲಿ ಕೆಲಸ ಸಿಕ್ಕಿ, 1913ರಲ್ಲಿ ವಾಷಿಂಗ್ಟನ್ ಸೇರಿದರು. ಹೆಂಗಸೊಬ್ಬಳು ವಿಜ್ಞಾನಿಯಾಗಿ ಬರುತ್ತಾಳೆ ಅಂತ ಅಲ್ಲಿನ ದೊಡ್ಡವರು ಕನಸಲ್ಲೂ ನೆನೆಸಿರಲಿಲ್ಲವಂತೆ. ವಹಿಸಿದ ಕೆಲಸ, ಆಗತಾನೇ ಕರೆದ ಹಾಲಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಅಂತ ಹುಡುಕುವುದು. ಕೆಚ್ಚಲಿನಿಂದ ಬಿದ್ದ ಹಾಲು ಶುದ್ಧ, ಕೊಳೆ ಏನಿದ್ದರೂ ಕೈಯದು, ಪಾತ್ರೆಯದು ಅನ್ನೋ ನಂಬಿಕೆ ಗಟ್ಟಿಯಾಗಿದ್ದ ಕಾಲ.

ನೋಡಿದರೆ, ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದ ಹಸುಗಳ ಹಾಲಿನಲ್ಲೂ ಗಬ್ಬದ ಹಸು ಕಂದು ಹಾಕುವಂತೆ ಮಾಡುವ ರೋಗಾಣು! ಅದನ್ನು ಡೆನ್ಮಾರ್ಕಿನ ಬ್ಯಾಂಗ್ 1897ರಲ್ಲೇ ಗುರುತಿಸಿದ್ದರು. ಅದು ದನಗಳ ಪಾಡು, ಮನುಷ್ಯರಿಗೇನೂ ಆಗೋದಿಲ್ಲ ಅಂತ ಎಲ್ಲರೂ ಸುಮ್ಮನಿದ್ದರು. ಇನ್ನೊಂದು ಕಡೆ, ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳನ್ನು ಕೊಲ್ಲುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದಿದ್ದರು. ಅದು ಬರುತ್ತಿದ್ದುದು ಮೇಕೆ ಹಾಲಿನಿಂದ. ಒಂದನ್ನು ಕಡ್ಡಿ ಆಕಾರದ್ದು ಅಂತಲೂ ಇನ್ನೊಂದನ್ನು ಗುಂಡಗಿನದು ಅಂತಲೂ ಪುಸ್ತಕದಲ್ಲಿ ಬೇರೆ ಬೇರೆ ಮನೆಗೆ ಸೇರಿಸಿಬಿಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ಈಕೆ ಇಟ್ಟು ನೋಡಿದರು. ಪರೀಕ್ಷೆ ಮೇಲೆ ಪರೀಕ್ಷೆ. ಎರಡೂ ಒಂದೇ ವಂಶದ ದಾಯಾದಿಗಳು!

ಹಾಗಾದರೆ ಹಸುವಿನ ಹಸಿ ಹಾಲು ಕುಡಿದವರಿಗೂ ಆ ಜ್ವರ ಬರಬಹುದಲ್ಲ? 1917ರಲ್ಲಿ ಬ್ಯಾಕ್ಟೀರಿಯಾ ತಜ್ಞರ ಸಭೆಯಲ್ಲಿ ಹೇಳಿದರು, 1918ರಲ್ಲಿ ಅಚ್ಚು ಹಾಕಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ದೊಡ್ಡ ಸಂಗತಿ ನಿಜವಾಗಿದ್ದರೆ ಇಷ್ಟರೊಳಗೆ ಬೇರೆ ಯಾರಾದರೂ ಕಾಣದೇ ಇರುತ್ತಿದ್ದರೇ ಅಂತ ವಾದ. ಥಿಯೋಬಾಲ್ಡ್ ಸ್ಮಿತ್‌ರಂಥ ಹೆಸರಾಂತ ವಿಜ್ಞಾನಿಯೇ ಎದುರು ನಿಂತರು. ಹಾಲಿನ ವ್ಯಾಪಾರಿಗಳಂತೂ, ಹಾಲು ಕಾಯಿಸೋ ಯಂತ್ರ ಮಾರುವ ಕಂಪನಿಗಳ ಜೊತೆ ಈಕೆ ಶಾಮೀಲು ಅಂದುಬಿಟ್ಟರು. ಉತ್ತರ ಇಲ್ಲದಾಗ ಕೇಳಿದವರ ಮೇಲೇ ಕೆಸರು ಎರಚೋದು ಎಲ್ಲ ಪೇಟೆಯಲ್ಲೂ ಇದ್ದದ್ದೇ ಬಿಡಿ.

1920ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಲ್ ಮೇಯರ್ ಕಡೆಯವರು ತಾವೇ ಪರೀಕ್ಷಿಸಿ ಇವಾನ್ಸ್ ಹೇಳಿದ್ದು ಸರಿ ಅಂದರು. ರೋಗಾಣುವಿಗೆ ಬ್ರೂಸೆಲ್ಲಾ ಅಂತ ಹೆಸರು ಬಿತ್ತು. ಬ್ರೂಸ್ ಹೆಸರು ಉಳಿಯಿತು, ಇವಾನ್ಸ್ ಹೆಸರು ಎಲ್ಲೂ ಇಲ್ಲ.

1922ರಲ್ಲಿ ಪ್ರಯೋಗಾಲಯದಲ್ಲೇ ಆ ರೋಗ ಈಕೆಗೇ ಅಂಟಿತು. ಜ್ವರ ಏರುತ್ತೆ, ಇಳೀತು ಅನ್ನುವಷ್ಟರಲ್ಲಿ ಮತ್ತೆ ಬರುತ್ತೆ. ಕೀಲು ನೋವು, ರಾತ್ರಿಯೆಲ್ಲ ಬೆವರು, ಏಳಲಾರದ ಸುಸ್ತು. ಡಾಕ್ಟರುಗಳು ಕಾಯಿಲೆ ಏನೂ ಇಲ್ಲ, ಇದು ನರದೌರ್ಬಲ್ಯ ಅಂತ ಕಳಿಸಿದರು. ರೋಗ ಕಂಡುಹಿಡಿದವರಿಗೇ ರೋಗ ಇಲ್ಲ ಅಂದರೆ ಏನು ಹೇಳೋಣ! ಬೇರೆ ಕಾರಣಕ್ಕೆ ಆಪರೇಷನ್ ಆದಾಗ ಒಳಗಿನ ಗಾಯದಲ್ಲಿ ಅದೇ ರೋಗಾಣು ಸಿಕ್ಕ ಮೇಲೆ ಬಾಯಿ ಮುಚ್ಚಿತು. ಸುಮಾರು 20 ವರ್ಷ ಅದು ಬಿಟ್ಟುಬಿಟ್ಟು ಕಾಡಿತು. ಇದರ ನಡುವೆಯೇ 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ತಜ್ಞರ ಸಂಘಕ್ಕೆ ಅಧ್ಯಕ್ಷರಾದರು, ಆ ಕುರ್ಚಿ ಏರಿದ ಮೊದಲ ಹೆಂಗಸು. 1930ರ ದಶಕದಲ್ಲಿ ಅಲ್ಲಿ ಹಾಲನ್ನು ಪಾಶ್ಚರೀಕರಿಸಿಯೇ ಮಾರಬೇಕೆಂಬ ಕಟ್ಟಳೆ ಊರೂರಿಗೆ ಬಂತು. 63 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು, ಬ್ರೂಸೆಲ್ಲಾ ಸಾಯುತ್ತದೆ.

ನಮ್ಮ ಕೊಟ್ಟಿಗೆಗಳಿಗೂ ಇದು ಹೊಸದಲ್ಲ, ಕಂದುರೋಗ ಅನ್ನೋದು ಇದನ್ನೇ. ಹಾಲು ಕಾಯಿಸಿದರೆ ಕುಡಿಯುವವನು ಬಚಾವ್. ಆದರೆ ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎತ್ತುವವನಿಗೆ ಒಲೆ ಏನೂ ಮಾಡಲಾರದು. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕಿಸುವ ಕೇಂದ್ರದ ಯೋಜನೆ 2019ರಲ್ಲಿ ಶುರುವಾದದ್ದು ಅದಕ್ಕೇ.

1945ರಲ್ಲಿ ನಿವೃತ್ತಿಯಾದ ಮೇಲೂ ಇವಾನ್ಸ್ ಸುಮ್ಮನೆ ಕೂರಲಿಲ್ಲ. ವಯಸ್ಸಾದವರ ಸರ್ಕಾರಿ ವೈದ್ಯವಿಮೆಯ ಅರ್ಜಿಯಲ್ಲಿ, ತಾನು ಕಮ್ಯುನಿಸ್ಟ್ ಸಂಘಟನೆಗೆ ಸೇರಿದವಳಲ್ಲ ಅಂತ ಬರೆದುಕೊಡಬೇಕಿತ್ತು. 1966ರಲ್ಲಿ, 85ರ ವಯಸ್ಸಲ್ಲಿ, ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ತಕರಾರು ತೆಗೆದರು. ಮಾರನೇ ವರ್ಷ ನ್ಯಾಯ ಇಲಾಖೆಯೇ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಅಂತ ಒಪ್ಪಿಕೊಂಡಿತು. 1975ರ ಸೆಪ್ಟೆಂಬರ್ 5ರಂದು ತೀರಿಕೊಂಡಾಗ ಆಕೆಗೆ 94 ವರ್ಷ.