ಕಾಲುಸ್ವರದ ಸಾಧಕ: ಅಲೋಯಿಸ್ ಹಾಬಾ

ಒಂದು ಸ್ಥಾಯಿಗೆ ಹನ್ನೆರಡು ಸ್ವರ. ಪಿಯಾನೋದ ಕರಿ-ಬಿಳಿ ಮನೆಗಳು ಯುರೋಪಿನ ಸಂಗೀತಕ್ಕೆ ಹಾಕಿಕೊಟ್ಟ ಗಡಿ ಇದು. ಈ ಗಡಿಯ ಆಚೆಗೂ ಸಂಗೀತವುಂಟೆಂದು ನಂಬಿ, ಆ ನಂಬಿಕೆಗಾಗಿ ಅರ್ಧ ಶತಮಾನ ದುಡಿದವನು ಚೆಕ್ ನಾಡಿನ ಅಲೋಯಿಸ್ ಹಾಬಾ.

ಹಾಬಾ ಜನಿಸಿದ್ದು 1893ರ ಜೂನ್ 21ರಂದು, ಮೊರಾವಿಯ ಪ್ರಾಂತದ ವಿಜೊವಿಟ್ಸೆ ಎಂಬ ಸಣ್ಣ ಊರಿನಲ್ಲಿ. ತಂದೆ ಜನಪದ ವಾದ್ಯಗಾರ. ಆತನ ಮೇಳದಲ್ಲಿ ಬಾಲಕನೂ ನುಡಿಸಿದನು. ಹಳ್ಳಿಯ ಹಾಡುಗಾರರ ದನಿ ಅರೆಸ್ವರಗಳ ನಡುವಣ ಎಡೆಗಳಲ್ಲಿಯೂ ಸುಳಿಯುವುದನ್ನು ಅವನ ಕಿವಿ ಗುರುತಿಸಿತು. ಶಾಸ್ತ್ರದ ಕಣ್ಣಿಗೆ ಅದು ಅಪಸ್ವರ. ಹಾಬಾನಿಗೆ ಅದು ಹೆಸರಿಲ್ಲದ ಸ್ವರ.

ಪ್ರಾಗ್ ನಗರದಲ್ಲಿ ನೊವಾಕನ ಬಳಿಯೂ ಮುಂದೆ ವಿಯೆನ್ನಾ, ಬರ್ಲಿನ್‌ಗಳಲ್ಲಿ ಶ್ರೇಕರನ ಬಳಿಯೂ ಆತನು ಅಭ್ಯಾಸ ಮಾಡಿದನು. 1920ರಲ್ಲಿ ರಚಿಸಿದ ಎರಡನೆಯ ತಂತಿವಾದ್ಯ ಚತುಷ್ಟಯದಲ್ಲಿ ಸ್ಥಾಯಿಯನ್ನು ಇಪ್ಪತ್ತನಾಲ್ಕು ಸಮಭಾಗಗಳಾಗಿ ಒಡೆದನು. ಅದೇ ಕಾಲದಲ್ಲಿ ಷೋನ್‌ಬರ್ಗನು ಹನ್ನೆರಡು ಸ್ವರಗಳಿಗೆ ಒಂದು ಸರಣಿಯನ್ನು ಗೊತ್ತುಮಾಡಿ, ಅದನ್ನು ಹಿಂದುಮುಂದಾಗಿಸಿ, ತಲೆಕೆಳಗಾಗಿಸಿ, ಇಡೀ ಕೃತಿಯನ್ನು ಅದರಿಂದಲೇ ಹೆಣೆಯುವ ಪದ್ಧತಿಯನ್ನು ರೂಪಿಸುತ್ತಿದ್ದನು. ಆಧಾರಸ್ವರದ ಹಳೆಯ ಆಳ್ವಿಕೆಯನ್ನು ಇಬ್ಬರೂ ತೊರೆದರು. ಹಿಡಿದ ದಾರಿ ಮಾತ್ರ ಬೇರೆ. ಷೋನ್‌ಬರ್ಗನು ಇದ್ದ ಹನ್ನೆರಡಕ್ಕೆ ಹೊಸ ಕಟ್ಟಳೆಯನ್ನು ತಂದನು. ಹಾಬಾ ಸ್ವರಗಳ ಸಂಖ್ಯೆಯನ್ನೇ ಹೆಚ್ಚಿಸಿ, ಯಾವ ಸ್ವರವಾದರೂ ಯಾವುದರೊಡನೆಯೂ ಕೂಡಬಹುದೆಂದು ಸಾರಿದನು. ಒಂದೇ ಸ್ವರವಾಕ್ಯವನ್ನು ಮರಳಿ ಮರಳಿ ತರುವ ಕ್ರಮವನ್ನೂ ಬಿಟ್ಟು, ಸದಾ ಮುಂದಕ್ಕೆ ಹರಿಯುವ ಗೀತವನ್ನು ಬಯಸಿದನು. 1927ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದ ಅವನ ಸ್ವರಮೇಳಶಾಸ್ತ್ರದ ಗ್ರಂಥವು ಸ್ವರವನ್ನು ಹನ್ನೆರಡರಲ್ಲಿ ಒಂದು ಪಾಲಿನವರೆಗೂ ಸೀಳಿ ವಿವೇಚಿಸುತ್ತದೆ.

ಆದರೆ ಇಂಥ ಸಂಗೀತವನ್ನು ನುಡಿಸುವುದು ಯಾವುದರಲ್ಲಿ? ಪಿಟೀಲಿನ ಬೆರಳು ಕಾಲುಸ್ವರವನ್ನು ಹುಡುಕಿಕೊಂಡೀತು. ಪಿಯಾನೋಗೆ ಆ ಸ್ವಾತಂತ್ರ್ಯವಿಲ್ಲ. ಹಾಬಾನ ಬೇಡಿಕೆಯಂತೆ ಆಗಸ್ಟ್ ಫರ್ಸ್ಟರ್ ಸಂಸ್ಥೆ ಕಾಲುಸ್ವರದ ಪಿಯಾನೋವನ್ನು ಕಟ್ಟಿಕೊಟ್ಟಿತು. ಕ್ಲಾರಿನೆಟ್, ಟ್ರಂಪೆಟ್‌ಗಳೂ ಹೊಸ ರೂಪ ತಾಳಿದವು. 1924ರಿಂದ ಪ್ರಾಗ್ ಸಂಗೀತ ವಿದ್ಯಾಲಯದಲ್ಲಿ ಆತನು ಈ ವಿದ್ಯೆಯನ್ನು ಬೋಧಿಸತೊಡಗಿದನು. ಯುಗೊಸ್ಲಾವಿಯ, ಬಲ್ಗೇರಿಯಗಳಿಂದಲೂ ಶಿಷ್ಯರು ಬಂದರು. 1931ರಲ್ಲಿ ಮ್ಯೂನಿಕ್ ನಗರದಲ್ಲಿ ಹೆರ್ಮನ್ ಶೆರ್ಖೆನನ ನಿರ್ದೇಶನದಲ್ಲಿ ‘ತಾಯಿ’ ಎಂಬ ಕಾಲುಸ್ವರದ ಗೀತನಾಟಕ ರಂಗವೇರಿತು. ಕಥೆ ದೇವದೇವತೆಗಳದಲ್ಲ, ಮೊರಾವಿಯದ ಬಡ ರೈತನೊಬ್ಬನ ಮನೆಯದು. ಹೊಸ ಸ್ವರಗಳು ಹೀಗೆ ತಾವು ಹುಟ್ಟಿದ ಹಳ್ಳಿಗೇ ಮರಳಿದವು.

ಮುಂದೆ ಕಾಲ ಕೆಟ್ಟಿತು. ನಾಜಿಗಳು ಹಾಬಾನ ಸಂಗೀತವನ್ನು ನಿಷೇಧಿಸಿದರು. ಅವನಲ್ಲಿ ಕಾಲುಸ್ವರವನ್ನು ಕಲಿತ ವಿಕ್ಟರ್ ಉಲ್ಮನ್ 1944ರಲ್ಲಿ ಆಷ್‌ವಿಟ್ಸ್‌ನಲ್ಲಿ ಹತನಾದನು. ಆ ಕರಾಳ ದಿನಗಳಲ್ಲಿ, 1942ರಲ್ಲಿ, ಹಾಬಾ ‘ನಿನ್ನ ರಾಜ್ಯ ಬರಲಿ’ ಎಂಬ ಗೀತನಾಟಕವನ್ನು ಮುಗಿಸಿದನು. ಅದು ಸ್ಥಾಯಿಯನ್ನು ಮೂವತ್ತಾರಾಗಿ ಒಡೆದ ರಚನೆ. ಅದನ್ನು ನುಡಿಸುವವರೂ ಆಡಿಸುವವರೂ ಇರಲಿಲ್ಲ. ಯುದ್ಧಾನಂತರ 1947ರಲ್ಲಿ ‘ತಾಯಿ’ ಪ್ರಾಗ್‌ನಲ್ಲಿ ಪ್ರದರ್ಶನಗೊಂಡಿತಾದರೂ, ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಹೊಸ ಕಮ್ಯೂನಿಸ್ಟ್ ಆಳ್ವಿಕೆಗೆ ಇಂಥ ಪ್ರಯೋಗಗಳು ಸಹ್ಯವಾಗಲಿಲ್ಲ. 1951ರಲ್ಲಿ ಅವನ ವಿಭಾಗ ಮುಚ್ಚಿತು.

ಸಾಧಕನ ಛಲ ಮುಚ್ಚಲಿಲ್ಲ. ಎಲ್ಲರೂ ನುಡಿಸಬಲ್ಲ ಅರೆಸ್ವರದ ಕೃತಿಗಳನ್ನು ರಚಿಸುತ್ತಲೇ ಕಾಲುಸ್ವರಕ್ಕೂ ಮರಳಿದನು. 1967ರ ಹದಿನಾರನೆಯ ಚತುಷ್ಟಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸ್ವರವನ್ನು ಐದಾಗಿ ಒಡೆದು ನೋಡಿದನು. 1973ರ ನವೆಂಬರ್ 18ರಂದು ಪ್ರಾಗ್‌ನಲ್ಲಿ ತೀರಿಕೊಂಡನು.

ಯುರೋಪು ಹಾಬಾನ ಹಿಂದೆ ನಡೆಯಲಿಲ್ಲವೆಂಬುದು ನಿಜ. ಅವನ ವಾದ್ಯಗಳು ಬಳಕೆಗೆ ಬರಲಿಲ್ಲ. ವಾದ್ಯವಿಲ್ಲದೆ ಕೃತಿಗಳು ಕಾಗದದಲ್ಲಿ ಕಾದವು. ಆದರೂ ಆ ಮೂವತ್ತಾರು ಸ್ವರಗಳ ನಾಟಕವು 2018ರಲ್ಲಿ ಒಸ್ಟ್ರಾವಾ ನಗರದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಬರೆದವನು ಕೇಳದೆ ಹೋದ ಸ್ವರಗಳನ್ನು ಮುಕ್ಕಾಲು ಶತಮಾನದ ತರುವಾಯ ಬೇರೆಯವರು ಕೇಳಿದರು.