ಜೇಮ್ಸ್ ಕ್ರಾಲ್: ಹಿಮಯುಗದ ಕಾರಣವನ್ನರಸಿದ ಜವಾನ

ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲನ್ನು ಎಂದೂ ಏರದ ಒಬ್ಬ ಮನುಷ್ಯನು, ಕಾಲೇಜೊಂದರ ಕಾವಲುಗಾರನಾಗಿದ್ದುಕೊಂಡೇ ಭೂಮಿಯ ಹಿಮಯುಗಗಳ ರಹಸ್ಯಕ್ಕೆ ಕೈ ಹಾಕಿದನು. ಜೇಮ್ಸ್ ಕ್ರಾಲ್‌ನ ಜೀವನವೃತ್ತಾಂತ ಇಷ್ಟರಿಂದಲೇ ಸ್ಮರಣಾರ್ಹವಾದುದು.

1821ರ ಜನವರಿ 2ರಂದು ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದಲ್ಲಿ ಕ್ರಾಲ್ ಜನಿಸಿದನು. ತಂದೆ ಕಲ್ಲುಕುಟಿಗ, ಜೊತೆಗೆ ತುಂಡು ಭೂಮಿಯ ಬೇಸಾಯ. ಹದಿಮೂರರ ಸುಮಾರಿಗೆ ಬಾಲಕನು ಶಾಲೆ ಬಿಡಬೇಕಾಯಿತು. ಆದರೆ ಅದಕ್ಕೆ ಮೊದಲೇ ಕೈಗೆ ಬಂದಿದ್ದ ಪೆನ್ನಿ ಮ್ಯಾಗಜೀನ್ ಎಂಬ ಅಗ್ಗದ ಪತ್ರಿಕೆ ಅವನಲ್ಲಿ ಓದಿನ ಹಸಿವನ್ನು ಹೊತ್ತಿಸಿತ್ತು. ಮುಂದಿನದು ಸೋಲುಗಳ ಸರಮಾಲೆ. ಗಿರಣಿಯಂತ್ರಗಳ ಕೆಲಸ ಕಲಿತನು, ಬಡಗಿಯಾದನು, ಮೊಣಕೈ ಬೇನೆಯಿಂದ ಉಳಿ-ಬಾಚಿಗಳನ್ನು ಕೆಳಗಿಡಬೇಕಾಯಿತು. ಚಹದ ಅಂಗಡಿ ನಡೆಯಲಿಲ್ಲ. ಮದ್ಯವಿಲ್ಲದ ವಸತಿಗೃಹ ತೆರೆದನು, ಅದೂ ನಿಲ್ಲಲಿಲ್ಲ. ವಿಮಾ ಏಜೆಂಟನ ವೃತ್ತಿಯಂತೂ ಸಂಕೋಚ ಸ್ವಭಾವದ ಅವನಿಗೆ ಒಗ್ಗದೆ ಹೋಯಿತು.

1859ರಲ್ಲಿ ಗ್ಲಾಸ್ಗೋ ನಗರದ ಆಂಡರ್‌ಸೋನಿಯನ್ ಕಾಲೇಜು ಮತ್ತು ವಸ್ತುಸಂಗ್ರಹಾಲಯದ ಮೇಲ್ವಿಚಾರಕನ ಹುದ್ದೆ ದೊರೆಯಿತು. ಹೆಸರು ದೊಡ್ಡದು, ನಮ್ಮ ಶಾಲೆಗಳ ಜವಾನನ ಕೆಲಸವೆಂದರೆ ಹೆಚ್ಚು ಸರಿಯಾದೀತು. ಸಂಬಳ ಅಲ್ಪವಾದರೂ ಅಲ್ಲೊಂದು ಉತ್ತಮ ಗ್ರಂಥಾಲಯವಿತ್ತು, ಓದಲು ಬಿಡುವಿತ್ತು. ಅವನಿಗೆ ಬೇಕಾದುದೂ ಅಷ್ಟೆ.

ಪೂರ್ವಕಾಲದಲ್ಲಿ ಯುರೋಪಿನ ಬಹುಭಾಗ ಹಿಮದಡಿ ಹುದುಗಿತ್ತೆಂಬುದನ್ನು ಪಂಡಿತರು ಆಗತಾನೆ ಒಪ್ಪುತ್ತಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ. ಭೂಮಿಯ ಅಕ್ಷದ ನಿಧಾನ ಚಲನೆಯೇ ಇದಕ್ಕೆ ಮೂಲವೆಂದು ಫ್ರಾನ್ಸಿನ ಅಡೆಮಾರ್ 1842ರಲ್ಲಿ ವಾದಿಸಿದ್ದನು. ಆದರೆ ವರ್ಷವಿಡೀ ಭೂಮಿಗೆ ಬೀಳುವ ಬಿಸಿಲಿನ ಮೊತ್ತ ಇದರಿಂದ ಬದಲಾಗದೆಂದು ವಿದ್ವಾಂಸರು ಅದನ್ನು ತಳ್ಳಿಹಾಕಿದ್ದರು. 1864ರಲ್ಲಿ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾದ ಕ್ರಾಲ್‌ನ ಲೇಖನ ಈ ಚರ್ಚೆಯನ್ನು ಮತ್ತೆ ತೆರೆಯಿತು. ಭೂಕಕ್ಷೆಯ ಆಕಾರ ಸಹಸ್ರಾರು ವರ್ಷಗಳಲ್ಲಿ ಹಿಗ್ಗಿ ಕುಗ್ಗುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡನು. ಲೆವೆರಿಯೆಯ ಸೂತ್ರಗಳನ್ನು ಬಳಸಿ, ಹಿಂದಿನ 30 ಲಕ್ಷ ವರ್ಷಗಳ ಕಕ್ಷಾವ್ಯತ್ಯಾಸಗಳನ್ನು ಕೈಯಿಂದಲೇ ಗಣಿಸಿದನು.

ಅವನ ಪ್ರತಿಭೆಯ ನಿಜವಾದ ಗುರುತು ಈ ಗಣಿತದಲ್ಲಿಲ್ಲ. ಬಿಸಿಲಿನ ಹಂಚಿಕೆಯಲ್ಲಾಗುವ ಸಣ್ಣ ಬದಲಾವಣೆಯೊಂದೇ ಹಿಮಯುಗವನ್ನು ತರಲಾರದೆಂಬುದನ್ನು ಅವನೂ ಒಪ್ಪಿದನು. ಆ ಅಲ್ಪವನ್ನು ಹಿಮ ಮತ್ತು ಸಾಗರಗಳು ಕೂಡಿ ಬೆಳೆಸುವ ಬಗೆಯನ್ನು ತೋರಿಸಿದನು. ಉತ್ತರಾರ್ಧಗೋಲದ ಚಳಿಗಾಲ ಸೂರ್ಯನಿಂದ ದೂರದಲ್ಲಿ ಕಳೆದರೆ ಹಿಮ ಹೆಚ್ಚು ಬೀಳುತ್ತದೆ. ಬಿಳಿಯ ಹಿಮ ಬಿಸಿಲನ್ನು ಹಿಮ್ಮೆಟ್ಟಿಸಿ ಚಳಿಯನ್ನು ಹೆಚ್ಚಿಸುತ್ತದೆ. ಧ್ರುವಕ್ಕೂ ಸಮಭಾಜಕಕ್ಕೂ ಉಷ್ಣತೆಯ ಅಂತರ ಬೆಳೆದು ಈಶಾನ್ಯ ವಾಣಿಜ್ಯ ಮಾರುತಗಳು ಬಲಗೊಳ್ಳುತ್ತವೆ. ಸಮಭಾಜಕದ ಬೆಚ್ಚನೆಯ ನೀರು ದಕ್ಷಿಣಕ್ಕೆ ಸರಿಯುತ್ತದೆ. ಅಟ್ಲಾಂಟಿಕ್ ಸಾಗರದ ಪ್ರವಾಹ ಬ್ರೆಜಿಲ್ಲಿನ ಪೂರ್ವದ ತುದಿಗೆ ಬಡಿದು ಕವಲೊಡೆಯುತ್ತದಷ್ಟೆ. ಅದು ಕೊಂಚ ದಕ್ಷಿಣಕ್ಕೆ ಸರಿದರೂ ಸಾಕು, ಯುರೋಪನ್ನು ಬೆಚ್ಚಗಿಡುವ ಗಲ್ಫ್ ಪ್ರವಾಹಕ್ಕೆ ಸೇರಬೇಕಾದ ನೀರು ದಕ್ಷಿಣದ ಪಾಲಾಗುತ್ತದೆ. ಆಗ ಉತ್ತರದಲ್ಲಿ ಹಿಮ ಇನ್ನಷ್ಟು ಬೆಳೆಯುತ್ತದೆ. ಹಿಮದಿಂದ ಗಾಳಿ, ಗಾಳಿಯಿಂದ ಪ್ರವಾಹ, ಪ್ರವಾಹದಿಂದ ಮತ್ತೆ ಹಿಮ.

ಲೇಖನದ ಕೀರ್ತಿ ಅವನನ್ನು 1867ರಲ್ಲಿ ಎಡಿನ್‌ಬರೋದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಕರೆತಂದಿತು. ಅಧಿಕಾರಿ ಗೀಕಿಯ ಆದರ ದೊರೆಯಿತು. ಡಾರ್ವಿನ್ನನು 1869ರ ತನ್ನ ಗ್ರಂಥದ ಆವೃತ್ತಿಯಲ್ಲಿ ಕ್ರಾಲ್‌ನ ವಿಚಾರಗಳನ್ನು ಬಳಸಿಕೊಂಡನು. 1875ರಲ್ಲಿ ಮುಖ್ಯಕೃತಿ ‘ಕ್ಲೈಮೇಟ್ ಅಂಡ್ ಟೈಮ್’ ಹೊರಬಂದಿತು. ಮರುವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾನಿಲಯದ ಗೌರವ ಪದವಿಯೂ ಸಂದವು. ಆದರೆ ತಲೆಬೇನೆ ಬಿಡಲಿಲ್ಲ. 1880ರಲ್ಲಿ ನಿವೃತ್ತನಾದಾಗ, ಸೇವಾವಧಿ ಕಡಿಮೆಯೆಂಬ ಕಾರಣದಿಂದ ದೊರೆತ ಪಿಂಚಣಿ ಅತ್ಯಲ್ಪ. ಗೌರವ ಪದವಿಯಿಂದ ಒಲೆ ಉರಿಯದು. 1890ರ ಡಿಸೆಂಬರ್ 15ರಂದು ಅವನು ಪರ್ತ್ ನಗರದಲ್ಲಿ ನಿಧನ ಹೊಂದಿದನು.

ಸಿದ್ಧಾಂತವೂ ಅವನೊಡನೆಯೇ ಮಸುಕಾಯಿತು. ಕಡೆಯ ಹಿಮಯುಗ ಸುಮಾರು 80,000 ವರ್ಷಗಳ ಹಿಂದೆ ಮುಗಿಯಿತೆಂದು ಅವನು ಹೇಳಿದ್ದನು. ನೆಲದ ಸಾಕ್ಷ್ಯ ಅದು ತೀರ ಇತ್ತೀಚಿನದೆಂದಿತು. ಉತ್ತರ-ದಕ್ಷಿಣಗಳು ಸರದಿಯ ಮೇಲೆ ಹೆಪ್ಪುಗಟ್ಟುವುವೆಂಬ ಮಾತೂ ನಿಲ್ಲಲಿಲ್ಲ. ಚಳಿಗಾಲಕ್ಕಿಂತ ಬೇಸಗೆಯ ಬಿಸಿಲೇ ನಿರ್ಣಾಯಕ, ಬೇಸಗೆಯಲ್ಲಿ ಕರಗದುಳಿದ ಹಿಮವೇ ಬೆಳೆಯುವುದೆಂದು ಸೆರ್ಬಿಯದ ಮಿಲಾಂಕೊವಿಚ್ ತಿದ್ದಿದನು.

ಹಿಮಯುಗಗಳ ದಾಖಲೆ ಸಾಗರತಳದ ಕೆಸರಿನಲ್ಲಿ ಉಳಿದಿರಬಹುದೆಂದು ಕ್ರಾಲ್ ಊಹಿಸಿದ್ದನು. ಹಿಮಹಾಸು ಬೆಳೆದಾಗ ಹಗುರ ಆಮ್ಲಜನಕದ ನೀರು ಹೆಚ್ಚಾಗಿ ಹಿಮದಲ್ಲಿ ಸೆರೆಯಾಗಿ, ಭಾರವಾದ ಆಮ್ಲಜನಕದ ಪ್ರಮಾಣ ಸಾಗರದಲ್ಲಿ ಏರುತ್ತದೆ. ಆ ನೀರಿನಲ್ಲಿ ಬಾಳಿದ ಸೂಕ್ಷ್ಮಜೀವಿಗಳ ಚಿಪ್ಪು ಈ ಲೆಕ್ಕವನ್ನು ಕಾಪಿಡುತ್ತದೆ. 1976ರಲ್ಲಿ ಹೇಸ್, ಇಂಬ್ರಿ, ಶಾಕಲ್ಟನ್ ಎಂಬ ಮೂವರು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರಿನ ಕಂಬಗಳನ್ನು ಪರೀಕ್ಷಿಸಿದರು. ಸುಮಾರು 1,00,000, 41,000 ಮತ್ತು 23,000 ವರ್ಷಗಳ ಆವರ್ತಗಳು ಅಲ್ಲಿ ಕಂಡುಬಂದವು. ಭೂಕಕ್ಷೆಯ ಮತ್ತು ಅಕ್ಷದ ಬದಲಾವಣೆಗಳ ಆವರ್ತಗಳೂ ಇವೇ ಆಗಿದ್ದವು.